ಸುಮಿತ್ ನಾಗಲ್ ಪ್ರಕರಣ: ಶಿರಸಿಯ ಒಂದು ತೋಟದ ಮನೆಗಾಗಿ

ಶಿರಸಿ ಹತ್ತಿರದ ಅಡಿಕೆ ತೋಟದ ಮನೆಯವರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರವಾಗಿ ಇದನ್ನು ಬರೆದಿದ್ದೇನೆ. ಅವರ ಮಗನಿಗೆ ಹನ್ನೆರಡು ವರ್ಷ. ಸಂಜೆ ನಾನು ಟೆನಿಸ್ ಹೇಳಿಕೊಡುವ ಮಕ್ಕಳಲ್ಲಿ ಅವನ ಕಾಲು ಎಲ್ಲರಿಗಿಂತ ಚುರುಕು. ಚೆಂಡು ಎಷ್ಟು ಸಲ ಬಂದರೂ ವಾಪಸ್ ಕಳಿಸುತ್ತಾನೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಟಿವಿಯಲ್ಲಿ ಫ್ರೆಂಚ್ ಓಪನ್ ನೋಡಿ ಆ ಕೆಂಪು ಕೋರ್ಟಿನ ಹುಚ್ಚು ಹತ್ತಿದೆ. ತಂದೆ ಬಂದು ಕೇಳಿದರು: "ಮಾಸ್ತರೆ, ಮಾಣಿ ಚೊಲೋ ಆಡ್ತ. ಮುಂದೆ ಎಂತ ಮಾಡವು? ಹಾಕಿದ ದುಡ್ಡು ವಾಪಸ್ ಬತ್ತಾ ಇಲ್ಯಾ?"

ಪ್ರತಿಭೆ ಇದ್ದರೆ ದಾರಿ ತಾನಾಗಿ ಸಿಗುತ್ತದೆ ಅಂತ ಹೇಳಿ ಕಳಿಸಬಹುದಿತ್ತು. ಅದು ನಿಜವಲ್ಲ. ಅದಕ್ಕೇ ಒಬ್ಬ ಆಟಗಾರನ ಬದುಕನ್ನು ವರ್ಷ ವರ್ಷವಾಗಿ ಬಿಡಿಸಿ ಅವರ ಮುಂದೆ ಇಡೋಣ ಅನ್ನಿಸಿತು. ಹುಡುಗನಿಗೆ ಸ್ಪೇನಿನ ಟೆನಿಸ್ ಆಟಗಾರ ರಫೆಲ್ ನಡಾಲ್ ಅಂದರೆ ಪ್ರಾಣ. ಆದರೆ ನಡಾಲ್ ಕಥೆಯಿಂದ ನಮ್ಮ ಲೆಕ್ಕ ಬಿಡಿಸಲು ಆಗುವುದಿಲ್ಲ. ಅವರು ಹುಟ್ಟಿದ್ದು ಮಯೋರ್ಕಾ ದ್ವೀಪದಲ್ಲಿ, ಸುತ್ತಲೂ ಮಣ್ಣಿನ ಕೋರ್ಟ್, ಮನೆಯಲ್ಲೇ ಕೋಚ್ ಆಗಿ ಚಿಕ್ಕಪ್ಪ. ನಮಗೆ ಬೇಕಾದ್ದು ನಮ್ಮಂಥ ಮನೆಯಿಂದ ಹೊರಟವರ ಕಥೆ. ಹಾಗಾಗಿ ಭಾರತದ ಟೆನಿಸ್ ಆಟಗಾರ ಸುಮಿತ್ ನಾಗಲ್ ಅವರನ್ನು ಆರಿಸಿಕೊಂಡೆ.

ಹಳ್ಳಿಯಿಂದ ಬೆಂಗಳೂರಿಗೆ, ಅಲ್ಲಿಂದ ಹೊರಗೆ

ನಾಗಲ್ ಹುಟ್ಟಿದ್ದು 1997ರ ಆಗಸ್ಟ್ 16ರಂದು, ಹರಿಯಾಣದ ಝಜ್ಜರ್ ಜಿಲ್ಲೆಯಲ್ಲಿ. ತಂದೆ ಶಾಲಾ ಮಾಸ್ತರು. ಮನೆಯಲ್ಲಿ ಟೆನಿಸ್ ಆಡಿದವರು ಯಾರೂ ಇಲ್ಲ. ಹತ್ತು ವರ್ಷದ ಹೊತ್ತಿಗೆ ಟೆನಿಸ್ ಆಟಗಾರ ಮಹೇಶ್ ಭೂಪತಿ ಅವರ ಅಕಾಡೆಮಿಯ ಯೋಜನೆಯೊಂದಕ್ಕೆ ಹುಡುಗ ಆಯ್ಕೆಯಾದ. ಅಪೊಲೊ ಟೈರ್ಸ್ ಬೆಂಬಲದ 'ಮಿಷನ್ 2018' ಅಂತ ಅದರ ಹೆಸರು. ಅದಕ್ಕಾಗಿ ಬೆಂಗಳೂರಿಗೆ ಬಂದರು. ಹತ್ತು ವರ್ಷದ ಮಗುವನ್ನು ಭಾಷೆ ಗೊತ್ತಿಲ್ಲದ ಊರಿಗೆ ಕಳಿಸಿ ಹಿಂದೆ ಉಳಿದ ತಂದೆ ತಾಯಿಯ ಮನಸ್ಸು ಹೇಗಿತ್ತೋ ಅಂತ ನಾನು ತುಂಬ ಸಲ ಯೋಚಿಸಿದ್ದೇನೆ. ಈ ತೋಟದ ಮನೆಯವರು ಮೊದಲು ಯೋಚಿಸಬೇಕಾದ್ದೂ ಅದೇ.

ಆಮೇಲೆ ಕೆನಡಾ, ಆಮೇಲೆ ಜರ್ಮನಿ. 2015ರಲ್ಲಿ ವಿಯೆಟ್ನಾಂನ ಲಿ ಹೊಆಂಗ್ ನಾಮ್ ಜೊತೆ ವಿಂಬಲ್ಡನ್ ಬಾಲಕರ ಡಬಲ್ಸ್ ಗೆದ್ದರು. 2017ರ ನವೆಂಬರ್‌ನಲ್ಲಿ ಬೆಂಗಳೂರು ಓಪನ್ ಅವರದಾಯಿತು. ಅದು ಚಾಲೆಂಜರ್, ಅಂದರೆ ದೊಡ್ಡ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿ. ಮರುವರ್ಷವೇ ಕುಸಿತ. ಕೆನಡಾದಿಂದ ಜರ್ಮನಿಗೆ ಹೋಗುವಾಗ ಒಮ್ಮೆ ತಮ್ಮ ಪರ್ಸ್‌ನಲ್ಲಿ ಇದ್ದದ್ದು ಆರು ಡಾಲರ್ ಅಂತ ಅವರೇ ಹೇಳಿಕೊಂಡಿದ್ದಾರೆ. ವಿರಾಟ್ ಕೊಹ್ಲಿ ಫೌಂಡೇಶನ್ ಕೈ ಹಿಡಿಯದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ ಅಂತಲೂ ಹೇಳಿದ್ದಾರೆ.

2019ರ ಆಗಸ್ಟ್‌ನಲ್ಲಿ ದೇಶಕ್ಕೆ ಅವರ ಹೆಸರು ಗೊತ್ತಾಯಿತು. ಅರ್ಹತಾ ಸುತ್ತು ದಾಟಿ ಯುಎಸ್ ಓಪನ್ ಮುಖ್ಯ ಸುತ್ತಿಗೆ ಬಂದರು. ಎದುರಿಗೆ ರೋಜರ್ ಫೆಡರರ್. ಮೊದಲ ಸೆಟ್ ನಾಗಲ್‌ಗೆ 6-4. ಉಳಿದ ಮೂರು ಸೆಟ್ ಫೆಡರರ್‌ಗೆ, 6-1, 6-2, 6-4. ಆ ಒಂದು ಸೆಟ್ಟನ್ನು ಜನ ಇವತ್ತಿಗೂ ನೆನೆಯುತ್ತಾರೆ. ನೆನೆಯಲಿ, ಅದು ಚಂದದ ಸೆಟ್. ಆದರೆ ಈ ಪ್ರಕರಣದಲ್ಲಿ ಅದಕ್ಕಿಂತ ದೊಡ್ಡ ಸಂಗತಿ ಮುಂದಿನ ತಿಂಗಳು ನಡೆಯಿತು. ಸೆಪ್ಟೆಂಬರ್‌ನಲ್ಲಿ ಬಾಂಜಾ ಲೂಕಾ ಚಾಲೆಂಜರ್‌ನಲ್ಲಿ ಫೈನಲ್ ಸೋಲು, ಅದರ ಬೆನ್ನಿಗೇ ಬ್ಯೂನಸ್ ಐರಿಸ್ ಚಾಲೆಂಜರ್ ಗೆಲುವು. ಎರಡೂ ಆವೆಮಣ್ಣಿನ ಅಂಕಣ, ಅಂದರೆ ಫ್ರೆಂಚ್ ಓಪನ್‌ನಲ್ಲಿ ಹುಡುಗ ನೋಡಿದಂಥ ಕೆಂಪು ಕೋರ್ಟ್. ಅರ್ಜೆಂಟೀನಾದ ಮಣ್ಣಿನಲ್ಲಿ, ಅರ್ಜೆಂಟೀನಾದವರೇ ಆದ ಫಕುಂಡೊ ಬಾಗ್ನಿಸ್ ಅವರನ್ನು ಫೈನಲ್‌ನಲ್ಲಿ ಸೋಲಿಸಿದರು. ನಮ್ಮ ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕಿದ ಜಾಗ ಫೆಡರರ್ ಸೆಟ್ಟಿಗೆ ಹೋಲಿಸಿದರೆ ಏನೇನೂ ಅಲ್ಲ.

ಯಾಕೆ ಮಣ್ಣು?

ನಾಗಲ್ ಎತ್ತರ 178 ಸೆಂಟಿಮೀಟರ್, ಅಂದರೆ ಐದು ಅಡಿ ಹತ್ತು ಇಂಚು. ನಮ್ಮ ಊರಿನಲ್ಲಿ ಇದು ಒಳ್ಳೆ ಎತ್ತರವೇ. ಆದರೆ ಪುರುಷರ ಟೆನಿಸ್‌ನಲ್ಲಿ ಈಗ ಆರೂಕಾಲು, ಆರೂವರೆ ಅಡಿಯವರು ತುಂಬಿಕೊಂಡಿದ್ದಾರೆ. ಅಷ್ಟು ಎತ್ತರದಿಂದ ಬೀಳುವ ಸರ್ವ್ ಸಿಮೆಂಟಿನಂಥ ಗಟ್ಟಿ ಕೋರ್ಟ್ ಮೇಲೆ ಬಾಣದ ಹಾಗೆ ಹೋಗುತ್ತದೆ. ಎದುರಿನವನಿಗೆ ಕೈ ಎತ್ತಲೂ ಸಮಯ ಇರುವುದಿಲ್ಲ. ನಾಗಲ್ ಅವರ ಸರ್ವ್ ಅಂಥದ್ದಲ್ಲ. ಅವರ ಬಲ ಇರುವುದು ಕಾಲಿನಲ್ಲಿ, ಮತ್ತು ಚೆಂಡಿಗೆ ಜೋರು ತಿರುವು ಕೊಡುವ ಫೋರ್‌ಹ್ಯಾಂಡ್‌ನಲ್ಲಿ.

ಮಣ್ಣಿನ ಕೋರ್ಟ್ ಈ ಲೆಕ್ಕವನ್ನೇ ಬದಲಿಸುತ್ತದೆ. ಪುಡಿಮಣ್ಣಿಗೆ ತಾಗಿದ ಚೆಂಡು ಅಲ್ಲಿ ಕಚ್ಚಿಕೊಂಡು ವೇಗ ಕಳೆದುಕೊಳ್ಳುತ್ತದೆ, ಮೇಲಕ್ಕೆ ಪುಟಿಯುತ್ತದೆ. ಜೋರು ಸರ್ವ್‌ಗೂ ಉತ್ತರ ಕೊಡಲು ಅರೆಗಳಿಗೆ ಸಿಗುತ್ತದೆ. ತಿರುವು ಇರುವ ಹೊಡೆತ ಎದುರಿನವನ ಭುಜದ ಎತ್ತರಕ್ಕೆ ಏಳುತ್ತದೆ. ಒಂದು ಪಾಯಿಂಟ್ ಗೆಲ್ಲಲು ಹತ್ತು, ಹದಿನೈದು ಹೊಡೆತ ಬೇಕಾಗುತ್ತದೆ. ಕಾಲು ಗಟ್ಟಿ ಇದ್ದು ತಾಳ್ಮೆ ಇದ್ದವನು ಇಲ್ಲಿ ತನಗಿಂತ ಎತ್ತರದವನನ್ನು, ತನಗಿಂತ ಬಲದವನನ್ನು ಸೋಲಿಸಬಹುದು. ಓಡುತ್ತ ಬಂದು ಜಾರುತ್ತಲೇ ಚೆಂಡು ಹೊಡೆಯುವ ಕಲೆ ಮಾತ್ರ ಬಂದಿರಬೇಕು. ಅದು ಚಿಕ್ಕಂದಿನಲ್ಲೇ ಕಾಲಿಗೆ ಬರಬೇಕಾದ ವಿದ್ಯೆ. ಸಿಮೆಂಟಿನ ಮೇಲೆ ಅದನ್ನು ಕಲಿಯಲು ಹೋದರೆ ಹಿಮ್ಮಡಿಗಂಟು ಹೋಗುತ್ತದೆ.

ಇನ್ನೊಂದು ಕಾರಣವನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ರ್‍ಯಾಂಕಿಂಗ್ ಏರಿಸುವ ಅಂಕಗಳು ಎಲ್ಲಿವೆ ಅನ್ನುವುದು. ಟೆನಿಸ್‌ನಲ್ಲಿ ದೊಡ್ಡ ಟೂರ್ನಿಗಳ ಕೆಳಗೆ ಚಾಲೆಂಜರ್ ಅನ್ನುವ ಮೆಟ್ಟಿಲು ಇದೆ. ಅದರ ಕೆಳಗೆ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್) ಟೂರ್ನಿಗಳು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇಟಲಿ, ಸ್ಪೇನ್, ಜರ್ಮನಿ, ಆಸ್ಟ್ರಿಯಾ, ಜೆಕ್ ದೇಶಗಳಲ್ಲಿ ವಾರಕ್ಕೆ ಒಂದಲ್ಲ ಒಂದು ಚಾಲೆಂಜರ್ ಆವೆಮಣ್ಣಿನ ಮೇಲೆ ನಡೆಯುತ್ತಿರುತ್ತದೆ. ಒಂದು ಊರಿನಲ್ಲಿ ಸೋತರೆ ರೈಲು ಹತ್ತಿ ಮುಂದಿನ ಊರಿಗೆ ಹೋಗಬಹುದು. ನಮ್ಮಲ್ಲಿ? 2024ರ ಫೆಬ್ರುವರಿಯಲ್ಲಿ ಚೆನ್ನೈ, ಬೆಂಗಳೂರು, ಪುಣೆ, ದೆಹಲಿಯಲ್ಲಿ ಸಾಲಾಗಿ ಚಾಲೆಂಜರ್ ನಡೆದವು. ನಾಲ್ಕೂ ಗಟ್ಟಿ ಕೋರ್ಟ್. ಅದು ಮುಗಿದರೆ ವರ್ಷದ ಉಳಿದ ದಿನ ಆಟಗಾರ ಹೊರದೇಶದಲ್ಲೇ ಇರಬೇಕು. ಯುರೋಪಿನಲ್ಲಿ ಇರುವುದಕ್ಕೂ ಮಿತಿ ಇದೆ. ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಸಾಮಾನ್ಯ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ಮಣ್ಣಿನ ಋತು ಇರುವುದೇ ಆರು ತಿಂಗಳು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಡುವ ಹುಡುಗ ಈ ಲೆಕ್ಕವನ್ನೂ ಹಾಕಬೇಕು.

ಮಣ್ಣು ನಮಗೆ ಆಗಿಬರುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳಿಗೆ ಗ್ರ್ಯಾಂಡ್‌ಸ್ಲಾಮ್ ಅನ್ನುತ್ತಾರೆ. ಭಾರತದ ಆಟಗಾರರೊಬ್ಬರು ಮೊದಲ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಗೆದ್ದದ್ದೇ ಮಣ್ಣಿನ ಮೇಲೆ. 1997ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್, ಮಹೇಶ್ ಭೂಪತಿ ಮತ್ತು ಜಪಾನಿನ ರಿಕಾ ಹಿರಾಕಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ಮೊದಲ ಗ್ರ್ಯಾಂಡ್‌ಸ್ಲಾಮ್ ಕೂಡ ಅಲ್ಲೇ, 2017ರಲ್ಲಿ, ಅದೇ ಮಿಶ್ರ ಡಬಲ್ಸ್‌ನಲ್ಲಿ. ಸಿಂಗಲ್ಸ್ ಬೇರೆ ಆಟ, ಸರಿ. ಆದರೂ ಕೆಂಪು ಕೋರ್ಟ್ ನಮಗೆ ಅಪಶಕುನ ಏನಲ್ಲ.

ಯಾರೂ ನೋಡದ ವರ್ಷ

2020ರಲ್ಲಿ ನಾಗಲ್ ರ್‍ಯಾಂಕಿಂಗ್ 122ರವರೆಗೆ ಏರಿತ್ತು. ಆ ವರ್ಷ ಯುಎಸ್ ಓಪನ್‌ನಲ್ಲಿ ಒಂದು ಸುತ್ತು ಗೆದ್ದರು. 2021ರ ಮಾರ್ಚ್‌ನಲ್ಲಿ ಬ್ಯೂನಸ್ ಐರಿಸ್‌ನ ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ನಡೆಸುವ ಸಂಸ್ಥೆ) ಟೂರ್ನಿಯಲ್ಲಿ, ಮತ್ತೆ ಮಣ್ಣಿನ ಮೇಲೆ, ಆಗ ವಿಶ್ವದ 22ನೇ ಸ್ಥಾನದಲ್ಲಿದ್ದ ಚಿಲಿಯ ಕ್ರಿಸ್ಟಿಯನ್ ಗಾರಿನ್ ಅವರನ್ನು ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡೆನಿಸ್ ಇಸ್ತೋಮಿನ್ ವಿರುದ್ಧ ಗೆದ್ದರು. 1996ರಲ್ಲಿ ಲಿಯಾಂಡರ್ ಪೇಸ್ ಗೆದ್ದ ಮೇಲೆ ಒಲಿಂಪಿಕ್ಸ್ ಪುರುಷರ ಸಿಂಗಲ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಗೆಲುವು.

ಆ ವರ್ಷದ ಕೊನೆಗೆ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಆಯಿತು.

ಈ ಪ್ರಕರಣದಲ್ಲಿ ನಾನು ಎಲ್ಲರಿಗೂ ತೋರಿಸಬೇಕು ಅಂದುಕೊಂಡಿರುವುದು ಇಲ್ಲಿಂದ ಶುರುವಾಗುವ ಒಂದೂವರೆ ವರ್ಷವನ್ನು. ಟೆನಿಸ್ ರ್‍ಯಾಂಕಿಂಗ್ 52 ವಾರದ ಲೆಕ್ಕ. ಕಳೆದ ವರ್ಷ ಇದೇ ವಾರ ಗಳಿಸಿದ ಅಂಕ ಈ ವರ್ಷ ಇದೇ ವಾರ ಬಿದ್ದುಹೋಗುತ್ತದೆ. ಆಡಿ ಮತ್ತೆ ಗಳಿಸಿದರೆ ಉಳಿದೆ, ಇಲ್ಲದಿದ್ದರೆ ಇಳಿದೆ. ಹಾಸಿಗೆಯಲ್ಲಿ ಮಲಗಿದವನಿಗೂ ಇದೇ ನಿಯಮ. ದೀರ್ಘಕಾಲ ಗಾಯಗೊಂಡವರಿಗೆ ಹಳೇ ರ್‍ಯಾಂಕಿಂಗ್ ತೋರಿಸಿ ಕೆಲವು ಟೂರ್ನಿಗೆ ಹೋಗುವ ಸೌಲಭ್ಯ ಇದೆ. ಆದರೆ ಅದರಿಂದ ಅಂಕ ಬರುವುದಿಲ್ಲ, ದುಡ್ಡೂ ಬರುವುದಿಲ್ಲ. ಬಾಗಿಲು ತೆರೆಯುತ್ತದೆ, ಅಷ್ಟೇ. 2022ರಲ್ಲಿ ನಾಗಲ್ ಹೆಸರು 500ರ ಆಚೆಗೆ ಇಳಿಯಿತು. ಕೋವಿಡ್ ಕೂಡ ಕಾಡಿತು. ಒಲಿಂಪಿಕ್ಸ್‌ನಲ್ಲಿ ಗೆದ್ದು ವರ್ಷ ಕಳೆಯುವುದರೊಳಗೆ ಸಣ್ಣ ಚಾಲೆಂಜರ್‌ಗೂ ಅರ್ಹತಾ ಸುತ್ತಿನಿಂದ ಬರಬೇಕಾದ ಸ್ಥಿತಿ.

ತೋಟದವರಿಗೆ ಇದನ್ನು ಕೊಳೆ ರೋಗ ಬಂದ ವರ್ಷ ಅಂತ ಹೇಳಿದೆ. ಅಡಿಕೆ ಮರ ಫಲಕ್ಕೆ ಬರಲು ವರ್ಷಗಟ್ಟಲೆ ಕಾಯುತ್ತೇವೆ. ಫಲ ಬಂದ ಮೇಲೆ ಒಂದು ಮಳೆಗಾಲ ಕೊಳೆ ಹೊಡೆದರೆ ಮರ ಕಡಿದು ಹಾಕುತ್ತೇವೆಯೇ? ಸಹಕಾರಿ ಸೊಸೈಟಿಯಲ್ಲಿ ಸಾಲ ತೆಗೆದು, ಬೋರ್ಡೊ ಔಷಧಿ ಹೊಡೆಸಿ, ಮುಂದಿನ ಫಸಲಿಗೆ ಕಾಯುತ್ತೇವೆ. ಮಲೆನಾಡಿನಲ್ಲಿ ಆ ವ್ಯವಸ್ಥೆ ಕಟ್ಟಿಕೊಂಡಿದ್ದೇವೆ. ಆಟಗಾರನಿಗೆ ಆ ಸೊಸೈಟಿ ಇಲ್ಲ. ಗೆದ್ದ ವರ್ಷ ಹಾರ ಹಾಕಲು, ಚೆಕ್ ಕೊಡಲು ಜನ ಬರುತ್ತಾರೆ. ಫಸಲಿಲ್ಲದ ವರ್ಷ ಯಾರೂ ಬರುವುದಿಲ್ಲ. ದುಡ್ಡು ಅತಿ ಹೆಚ್ಚು ಬೇಕಾಗುವುದು ಆಗಲೇ. ಫಿಸಿಯೊ, ವೈದ್ಯರು, ಪಂದ್ಯ ಇಲ್ಲದಿದ್ದರೂ ನಡೆಯಬೇಕಾದ ಅಭ್ಯಾಸ.

2023ರ ಮೊದಲ ಮೂರು ತಿಂಗಳು ಜರ್ಮನಿಯ ನೆನ್ಸೆಲ್ ಅಕಾಡೆಮಿಯಲ್ಲಿ ಅಭ್ಯಾಸ ಮಾಡಲು ನಾಗಲ್ ಅವರ ಹತ್ತಿರ ದುಡ್ಡಿರಲಿಲ್ಲ. ಮಾಜಿ ಆಟಗಾರ ಸೋಮದೇವ್ ದೇವವರ್ಮನ್ ಮತ್ತು ಇನ್ನೊಬ್ಬ ಸ್ನೇಹಿತರು ನೆರವಾದರು. ನನ್ನ ಪ್ರಕಾರ ನಾಗಲ್ ವೃತ್ತಿಯ ತಿರುವು ಫೆಡರರ್ ಪಂದ್ಯವಲ್ಲ, ಈ ತಿಂಗಳುಗಳು. ಇಲ್ಲಿ ಕೈಬಿಟ್ಟಿದ್ದರೆ ಮುಂದಿನದು ಯಾವುದೂ ಇರುತ್ತಿರಲಿಲ್ಲ. ಸ್ನೇಹಿತರು ಇದ್ದರು, ಅವರ ಅದೃಷ್ಟ. ದೇಶದ ಅತ್ಯುತ್ತಮ ಆಟಗಾರನ ಬದುಕು ಸ್ನೇಹಿತರ ಔದಾರ್ಯದ ಮೇಲೆ ನಿಂತಿತ್ತು ಅನ್ನುವುದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ಸಂಗತಿ.

ಏಪ್ರಿಲ್ ಬಂತು, ಮಣ್ಣಿನ ಋತು ಬಂತು. ರೋಮ್‌ನಲ್ಲಿ ಚಾಲೆಂಜರ್ ಗೆದ್ದರು. ಜುಲೈನಲ್ಲಿ ಫಿನ್ಲೆಂಡಿನ ತಾಂಪೆರೆಯಲ್ಲಿ ಇನ್ನೊಂದು. ಆಸ್ಟ್ರಿಯಾದ ತುಲ್ನ್‌ನಲ್ಲಿ ಫೈನಲ್. ಮೂರೂ ಆವೆಮಣ್ಣು. 500ರ ಆಸುಪಾಸಿನಲ್ಲಿ ವರ್ಷ ಶುರು ಮಾಡಿದವರು ಕೊನೆಗೆ 140ರ ಒಳಗೆ ಬಂದು ನಿಂತರು.

ಒಂಬೈನೂರು ಯೂರೊ

ಆ ಏರಿಕೆಯ ನಡುವೆಯೇ, 2023ರ ಸೆಪ್ಟೆಂಬರ್‌ನಲ್ಲಿ, ನಾಗಲ್ ಪಿಟಿಐ ಸುದ್ದಿಸಂಸ್ಥೆಗೆ ಒಂದು ಮಾತು ಹೇಳಿದರು. ವರ್ಷದ ಆರಂಭದಲ್ಲಿ ಬ್ಯಾಂಕ್ ಖಾತೆಯಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ ಇದೆ, 900 ಯೂರೊ ಅಂತ. ನಮ್ಮ ಲೆಕ್ಕದಲ್ಲಿ ಆಗ ಸುಮಾರು 80 ಸಾವಿರ ರೂಪಾಯಿ. ಹೇಳಿದವರು ಆಗ ಭಾರತದ ನಂಬರ್ 1 ಸಿಂಗಲ್ಸ್ ಆಟಗಾರ.

ತೋಟದ ಮನೆಯವರ ಜೊತೆ ಕೂತು ಈ ಲೆಕ್ಕವನ್ನು ಕಾಗದದ ಮೇಲೆ ಬರೆದೆ. ಆ ವರ್ಷ ಅಲ್ಲಿಯವರೆಗೆ 24 ಟೂರ್ನಿಗಳಿಂದ ಅವರ ಗಳಿಕೆ ಸುಮಾರು 65 ಲಕ್ಷ. ಕೇಳಲು ದೊಡ್ಡ ಮೊತ್ತವೇ. ಖರ್ಚು ಎಷ್ಟು? ವರ್ಷಕ್ಕೆ 80 ಲಕ್ಷದಿಂದ 1 ಕೋಟಿ. ಅದೂ ಒಬ್ಬ ಕೋಚ್‌ನನ್ನು ಮಾತ್ರ ಕರೆದುಕೊಂಡು ತಿರುಗಿದರೆ. ಫಿಸಿಯೊ ಸೇರಿಸಿಲ್ಲ. ಸೊಂಟಕ್ಕೆ ಚಿಕಿತ್ಸೆ ಆದ ಆಟಗಾರ ಫಿಸಿಯೊ ಇಲ್ಲದೆ ದೇಶ ದೇಶ ತಿರುಗುತ್ತಿದ್ದರು ಅಂದರೆ ಯೋಚನೆ ಮಾಡಿ. ವಿಮಾನ ಟಿಕೆಟ್ ಇಬ್ಬರದ್ದು, ಹೋಟೆಲ್ ಇಬ್ಬರದ್ದು. ಯಾವಾಗ ಸೋಲುತ್ತೇವೆ ಅಂತ ಗೊತ್ತಿಲ್ಲದ ಕಾರಣ ಟಿಕೆಟ್ ಮುಂಚೆ ಮಾಡಿಸಿ ಉಳಿಸುವುದೂ ಆಗುವುದಿಲ್ಲ. ಬಹುಮಾನದ ದುಡ್ಡಿನಲ್ಲಿ ಆಯಾ ದೇಶದವರು ತೆರಿಗೆ ಮುರಿದುಕೊಂಡೇ ಕೊಡುತ್ತಾರೆ. ನೌಕರಿಯ ಸಂಬಳ ಮತ್ತು ಸಂಸ್ಥೆಗಳ ನೆರವು ಇದ್ದದ್ದರಿಂದ ಲೆಕ್ಕ ಹೇಗೋ ಸರಿಹೋಗಿ 900 ಯೂರೊ ಉಳಿದಿತ್ತು.

ಇನ್ನೂ ವಿಚಿತ್ರ ಇದೆ. 24 ಟೂರ್ನಿಗಳ ಆ ಗಳಿಕೆಯಲ್ಲಿ ದೊಡ್ಡ ಚೆಕ್ ಯಾವ ಪ್ರಶಸ್ತಿಯಿಂದಲೂ ಬಂದದ್ದಲ್ಲ. ಯುಎಸ್ ಓಪನ್ ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತದ್ದಕ್ಕೆ ಬಂದ 22 ಸಾವಿರ ಡಾಲರ್, ಸುಮಾರು 18 ಲಕ್ಷ. ಆ ವರ್ಷ 75 ದರ್ಜೆಯ (ಗೆದ್ದವನಿಗೆ 75 ಅಂಕ ಸಿಗುವ) ಯುರೋಪಿನ ಒಂದು ಚಾಲೆಂಜರ್‌ನ ಒಟ್ಟು ಬಹುಮಾನವೇ 73 ಸಾವಿರ ಯೂರೊ. ಅದನ್ನು ಎಲ್ಲ ಆಟಗಾರರಿಗೂ ಹಂಚಬೇಕು. ಮರುವರ್ಷ ಫ್ರೆಂಚ್ ಓಪನ್ ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲಿ ಸೋತವನಿಗೆ ಸಿಕ್ಕಿದ್ದೂ 73 ಸಾವಿರ ಯೂರೊ. 2024ರಲ್ಲಿ ನಾಗಲ್ ಅಲ್ಲಿ ಕರೆನ್ ಖಚನೋವ್ ಎದುರು ಮೂರು ಸೆಟ್‌ಗಳಲ್ಲಿ ಸೋತರು. ಅಂದರೆ 2023ರ 24 ಟೂರ್ನಿಗಳ ಶ್ರಮಕ್ಕೆ ಬಂದಷ್ಟು ದುಡ್ಡು ಆ ಒಂದೇ ಸೋಲಿಗೆ ಬಂತು.

ಹುಡುಗನ ತಂದೆ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಅವರೇ ಕೇಳಿದರು, ಹಾಗಾದರೆ ಗೆಲ್ಲುವುದಕ್ಕಿಂತ ಆ ದೊಡ್ಡ ಬಾಗಿಲ ಒಳಗೆ ಹೋಗುವುದೇ ಮುಖ್ಯ ಅಲ್ವಾ ಅಂತ. ಹೌದು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ 128 ಜಾಗ. 104 ಜಾಗ ರ್‍ಯಾಂಕಿಂಗ್ ನೋಡಿ ನೇರ ಕೊಡುತ್ತಾರೆ. 16 ಅರ್ಹತಾ ಸುತ್ತು ಗೆದ್ದವರಿಗೆ, 8 ಆಯೋಜಕರು ತಾವೇ ಆರಿಸಿ ಕೊಡುವ ವೈಲ್ಡ್ ಕಾರ್ಡ್‌ಗೆ. ಮೊದಲ ನೂರರ ಒಳಗೆ ಬಂದವನಿಗೆ ವರ್ಷಕ್ಕೆ ನಾಲ್ಕು ಸಲ ಖಾತ್ರಿ ಚೆಕ್. 150ನೇ ಸ್ಥಾನದವನಿಗೆ ಆ ಖಾತ್ರಿ ಇಲ್ಲ. ಆಟದ ಮಟ್ಟದಲ್ಲಿ ಅವರಿಬ್ಬರ ನಡುವೆ ಕೂದಲೆಳೆಯ ವ್ಯತ್ಯಾಸ. ಬದುಕಿನಲ್ಲಿ ಅಜಗಜಾಂತರ.

ಎಟಿಪಿ ಕೂಡ ಇದನ್ನು ಒಪ್ಪಿಕೊಂಡಿತು ಅನ್ನಬೇಕು. 'ಬೇಸ್‌ಲೈನ್' ಅನ್ನುವ ಯೋಜನೆಯನ್ನು 2023ರ ಆಗಸ್ಟ್‌ನಲ್ಲಿ ಘೋಷಿಸಿ 2024ರಿಂದ ಜಾರಿ ಮಾಡಿತು. ಆ ಮೊದಲ ವರ್ಷ, ಮೊದಲ ನೂರರಲ್ಲಿ ಇದ್ದವರಿಗೆ ಕನಿಷ್ಠ 3 ಲಕ್ಷ ಡಾಲರ್, 101ರಿಂದ 175ರವರೆಗೆ ಒಂದೂವರೆ ಲಕ್ಷ, 176ರಿಂದ 250ರವರೆಗೆ 75 ಸಾವಿರ. ಬಹುಮಾನದ ಗಳಿಕೆ ಇದಕ್ಕಿಂತ ಕಡಿಮೆಯಾದರೆ ವ್ಯತ್ಯಾಸ ತುಂಬಿಕೊಡುತ್ತಾರೆ. ಗಾಯಗೊಂಡು ಆಡಲಾಗದವರಿಗೂ ಬೇರೆ ಮೊತ್ತ ಇದೆ, ಕೊನೆಯ ಗುಂಪಿಗೆ ಆಗ 50 ಸಾವಿರ ಡಾಲರ್. ಇದು 2022ರಲ್ಲಿ ಇದ್ದಿದ್ದರೆ? ಆ ಮೊತ್ತಕ್ಕೆ ನಾಗಲ್ ಜರ್ಮನಿಯಲ್ಲಿ ನೆಮ್ಮದಿಯಿಂದ ಚೇತರಿಸಿಕೊಳ್ಳಬಹುದಿತ್ತು. 250ರ ಕೆಳಗಿರುವವರಿಗೆ ಈಗಲೂ ಆ ನೆರಳಿಲ್ಲ. ನಮ್ಮ ಮಕ್ಕಳು ಹಲವು ವರ್ಷ ಕಳೆಯಬೇಕಾದ್ದು ಅಲ್ಲೇ.

ಏರಿದ ಮೇಲೆ

2024 ಶುರುವಾದದ್ದು ಗಟ್ಟಿ ಕೋರ್ಟ್ ಮೇಲೆ. ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತಿನ ಮೂರು ಪಂದ್ಯ ಗೆದ್ದು, 31ನೇ ಶ್ರೇಯಾಂಕದ (ಟೂರ್ನಿಯ ಮುಂಚೂಣಿ ಆಟಗಾರರಿಗೆ ಕೊಡುವ ಸ್ಥಾನ) ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಭಾರತದ ಪುರುಷರೊಬ್ಬರು ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕದ ಆಟಗಾರನನ್ನು ಸೋಲಿಸಿದ್ದು 1989ರ ನಂತರ ಇದೇ ಮೊದಲು. ಅಂದು ರಮೇಶ್ ಕೃಷ್ಣನ್, ಇದೇ ಮೆಲ್ಬರ್ನ್‌ನಲ್ಲಿ, ಮ್ಯಾಟ್ಸ್ ವಿಲಾಂಡರ್ ಅವರನ್ನು ಸೋಲಿಸಿದ್ದರು. ಎರಡನೇ ಸುತ್ತಿನಲ್ಲಿ ಸೋತರೂ 1 ಲಕ್ಷ 80 ಸಾವಿರ ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು. 900 ಯೂರೊ ಸುದ್ದಿಯಾಗಿ ನಾಲ್ಕೇ ತಿಂಗಳು ಆಗಿತ್ತು. ಫೆಬ್ರುವರಿಯಲ್ಲಿ ಚೆನ್ನೈ ಚಾಲೆಂಜರ್ ಗೆದ್ದು ಮೊದಲ ಸಲ ನೂರರೊಳಗೆ, 98ಕ್ಕೆ ಬಂದರು.

ಇವೆರಡೂ ಮಣ್ಣಿನ ಗೆಲುವಲ್ಲ. ಮಣ್ಣಿನ ಆಟಗಾರ ಅಂದರೆ ಮಣ್ಣಿನಲ್ಲಿ ಮಾತ್ರ ಆಡುವವನು ಅಂತ ಹುಡುಗ ತಿಳಿದುಕೊಂಡಿದ್ದ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಮಣ್ಣು ನಾಗಲ್ ಅವರನ್ನು 500ರಿಂದ 140ರೊಳಗೆ ತಂದು ನಿಲ್ಲಿಸಿತು. ಅಲ್ಲಿಂದ ಮೇಲಕ್ಕೆ ಹತ್ತಲು ಗಟ್ಟಿ ಕೋರ್ಟ್ ಬೇಕೇ ಬೇಕಿತ್ತು.

ಏಪ್ರಿಲ್‌ನಲ್ಲಿ ಮತ್ತೆ ಮಣ್ಣು, ಈ ಸಲ ಮಾಂಟೆ ಕಾರ್ಲೊ ಮಾಸ್ಟರ್ಸ್, ಗ್ರ್ಯಾಂಡ್‌ಸ್ಲಾಮ್‌ಗಳ ಕೆಳಗಿನ ದೊಡ್ಡ ಟೂರ್ನಿಗಳಲ್ಲಿ ಒಂದು. ಅರ್ಹತಾ ಸುತ್ತು ದಾಟಿ ಮುಖ್ಯ ಸುತ್ತಿಗೆ. ಅಲ್ಲಿ ಭಾರತದವರೊಬ್ಬರು ಸಿಂಗಲ್ಸ್ ಆಡಿ 42 ವರ್ಷ ಆಗಿತ್ತು. ಇಟಲಿಯ ಮಟ್ಟೆಯೊ ಅರ್ನಾಲ್ಡಿ ವಿರುದ್ಧ ಮೊದಲ ಸೆಟ್ 5-7ರಲ್ಲಿ ಕಳೆದುಕೊಂಡು, ಉಳಿದೆರಡನ್ನು 6-2, 6-4ರಲ್ಲಿ ಗೆದ್ದರು. ಆವೆಮಣ್ಣಿನ ಮಾಸ್ಟರ್ಸ್ ಟೂರ್ನಿಯ ಮುಖ್ಯ ಸುತ್ತಿನಲ್ಲಿ ಭಾರತಕ್ಕೆ ಸಿಂಗಲ್ಸ್‌ನಲ್ಲಿ ಅದು ಮೊದಲ ಗೆಲುವು. ಮುಂದಿನ ಸುತ್ತಿನಲ್ಲಿ ಹೊಲ್ಗರ್ ರೂನ್ ಅವರಿಂದಲೂ ಒಂದು ಸೆಟ್ ಕಿತ್ತುಕೊಂಡರು. ಜೂನ್‌ನಲ್ಲಿ ಜರ್ಮನಿಯ ಹೈಲ್‌ಬ್ರಾನ್ ಚಾಲೆಂಜರ್ ಗೆಲುವು, ಪೆರೂಜಾದಲ್ಲಿ ಫೈನಲ್. ಎರಡೂ ಮಣ್ಣು. ಜುಲೈನಲ್ಲಿ ರ್‍ಯಾಂಕಿಂಗ್ 68. ಅವರ ಜೀವನದ ಅತ್ಯುತ್ತಮ ಸ್ಥಾನ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿನ ಸೋಲು, ಬೆನ್ನುನೋವು. 2025ರ ಆರಂಭದಲ್ಲಿ ಮೆಲ್ಬರ್ನ್ ಮತ್ತು ಚೆನ್ನೈಯ ಹಳೇ ಅಂಕಗಳು ಬಿದ್ದವು, ನೂರರಿಂದ ಹೊರಗೆ ಹೋದರು. ಆ ವರ್ಷವೇ 200ರ ಆಚೆಗೂ. ಆದರೂ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ನೆಲದಲ್ಲೇ ಆ ದೇಶವನ್ನು ದೇಶ ದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ನಲ್ಲಿ ಭಾರತ 3-1ರಿಂದ ಸೋಲಿಸಿದಾಗ ತಮ್ಮ ಎರಡೂ ಸಿಂಗಲ್ಸ್ ಗೆದ್ದುಕೊಟ್ಟರು. ಅವರು ಮುಗಿದರು ಅಂತ ಯಾರಾದರೂ ಹೇಳಿದರೆ ನಾನು 2022ನ್ನು ನೆನಪಿಸುತ್ತೇನೆ.

ಶಿರಸಿಯಲ್ಲಿ ಏನು ಮಾಡಬಹುದು

ಈಗ ಹುಡುಗನ ವಿಷಯ. ಅವನನ್ನು ಈಗಲೇ ಸ್ಪೇನಿಗೋ ಜರ್ಮನಿಗೋ ಕಳಿಸಲು ಒಂದು ಎಕರೆ ತೋಟ ಮಾರುವ ಮಾತು ಆ ಮನೆಯಲ್ಲಿ ಬಂದಿತ್ತು. ಬೇಡ ಅಂದೆ. ಹನ್ನೆರಡಕ್ಕೆ ಮಾರಿದರೆ, ಹತ್ತೊಂಬತ್ತಕ್ಕೋ ಇಪ್ಪತ್ತಕ್ಕೋ ಗಾಯವಾದಾಗ ಕೈಯಲ್ಲಿ ಏನೂ ಇರುವುದಿಲ್ಲ. ದುಡ್ಡು ಇಡುವುದಾದರೆ ಆ ವರ್ಷಕ್ಕೆ ಇಡಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯಲ್ಲಿ ನಡೆಯುವ ವಯೋಮಿತಿಯ ಟೂರ್ನಿಗಳಿಗೆ ಎರಡು ವರ್ಷ ಕರೆದುಕೊಂಡು ಹೋಗಿ. ಶಾಲೆ ಬಿಡಿಸಬೇಡಿ. 2023ರಲ್ಲಿ ಧಾರವಾಡದಲ್ಲೇ ಪುರುಷರ ಐಟಿಎಫ್ ಟೂರ್ನಿ ನಡೆದಿತ್ತು. ಅಂಥದ್ದು ಮತ್ತೆ ನಡೆದರೆ ಹುಡುಗನನ್ನು ಕರೆದುಕೊಂಡು ಹೋಗಿ ಎರಡು ದಿನ ಕೂರಿಸಿ. ವಿಶ್ವದ ಐನೂರನೇ ಆಟಗಾರ ಎಷ್ಟು ಚೆನ್ನಾಗಿ ಆಡುತ್ತಾನೆ, ಎಂಥ ರೂಮಿನಲ್ಲಿ ಇಳಿದುಕೊಳ್ಳುತ್ತಾನೆ, ಸೋತ ಸಂಜೆ ಏನು ಮಾಡುತ್ತಾನೆ ಅಂತ ತಂದೆ ಮಗ ಇಬ್ಬರೂ ಕಣ್ಣಾರೆ ನೋಡಲಿ. ಫ್ರೆಂಚ್ ಓಪನ್ ಟಿವಿಯಲ್ಲಿ ನೋಡುವುದಕ್ಕಿಂತ ಅದು ಜಾಸ್ತಿ ಕಲಿಸುತ್ತದೆ.

ನಮ್ಮ ಸೊಸೈಟಿಗಳಿಗೂ, ಊರಿನ ಉಳ್ಳವರಿಗೂ ನನ್ನ ಕೋರಿಕೆ ಒಂದೇ. ಗೆದ್ದು ಬಂದ ಮಗುವಿಗೆ ಸನ್ಮಾನ ಮಾಡುವ ದುಡ್ಡಿನಲ್ಲಿ ಅರ್ಧವನ್ನಾದರೂ ಗಾಯಗೊಂಡ ಮಗುವಿನ ಫಿಸಿಯೊಗೆ ಎತ್ತಿಡಿ. ಟೆನಿಸ್ ಅಂತಲ್ಲ, ಕಬಡ್ಡಿಯವರಿಗೂ, ಹಳಿಯಾಳದ ಕುಸ್ತಿಯ ಮಕ್ಕಳಿಗೂ ಇದು ಬೇಕು. ಮೊಣಕಾಲು ಹೋಗಿ ಮನೆಯಲ್ಲಿ ಕೂತ ಎಷ್ಟೋ ಒಳ್ಳೆ ಆಟಗಾರರು ಈ ಜಿಲ್ಲೆಯಲ್ಲಿ ಇದ್ದಾರೆ. ಅವರ ಹೆಸರು ಈಗ ಯಾರಿಗೂ ನೆನಪಿಲ್ಲ.

ಇನ್ನು ಮಣ್ಣಿನ ಕೋರ್ಟ್. ನಮ್ಮದು ಕೆಂಪು ಮಣ್ಣೇ ಅಲ್ವಾ, ಅದರ ಮೇಲೇ ಆಡಿದರಾಯಿತು ಅಂತ ಹುಡುಗನ ತಂದೆ ಅಂದುಕೊಂಡಿದ್ದರು. ಎರಡೂ ಬೇರೆ. ಪ್ಯಾರಿಸ್‌ನ ರೋಲಂಡ್ ಗ್ಯಾರೋಸ್‌ನಲ್ಲಿ ಕಾಣುವ ಕೆಂಪು, ಸುಟ್ಟ ಇಟ್ಟಿಗೆಯ ಪುಡಿ. ದಪ್ಪ ಒಂದೆರಡು ಮಿಲಿಮೀಟರ್ ಅಷ್ಟೇ. ಅದರ ಕೆಳಗೆ ಸುಣ್ಣಕಲ್ಲಿನ ಪದರ, ಅದರ ಕೆಳಗೆ ಕಲ್ಲಿದ್ದಲ ಕಿಟ್ಟ, ಜಲ್ಲಿ. ಸುಟ್ಟ ಮಣ್ಣು ನೀರು ಬಿದ್ದರೂ ಕೆಸರಾಗುವುದಿಲ್ಲ. ಪುಡಿಯ ಕಣಗಳು ಕಾಲ ಕೆಳಗೆ ಉರುಳುವುದರಿಂದಲೇ ಆಟಗಾರ ಜಾರಲು ಆಗುವುದು. ನಮ್ಮ ಹಸಿ ಕೆಮ್ಮಣ್ಣು ಮಳೆಗಾಲದಲ್ಲಿ ರಾಡಿ, ಬೇಸಿಗೆಯಲ್ಲಿ ಚಿರೇಕಲ್ಲಿನಷ್ಟು ಗಟ್ಟಿ. ಯುರೋಪಿನಲ್ಲಿ ಮಣ್ಣಿನ ಋತು ಜೋರಾಗಿರುವ ಜೂನ್, ಜುಲೈನಲ್ಲಿ ನಮ್ಮ ಬಯಲುಗಳಲ್ಲಿ ಮೊಣಕಾಲುದ್ದ ನೀರು.

ಆದರೆ ಸುಟ್ಟ ಮಣ್ಣು ನಮ್ಮ ಜಿಲ್ಲೆಯಲ್ಲಿ ರಾಶಿ ಬಿದ್ದಿದೆ. ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಹಳೇ ಮನೆ ಇಳಿಸಿ ಸ್ಲ್ಯಾಬ್ ಹಾಕಿಸುವವರು ಮಂಗಳೂರು ಹಂಚನ್ನು ಅಂಗಳದ ಮೂಲೆಯಲ್ಲಿ ಪೇರಿಸಿ ಇಟ್ಟಿರುತ್ತಾರೆ. ಒಡೆದ ಹಂಚು ಯಾರಿಗೂ ಬೇಡ. ಅದನ್ನು ಕುಟ್ಟಿ ಜರಡಿ ಹಿಡಿದರೆ ಸಿಗುವುದು ಹೆಚ್ಚುಕಡಿಮೆ ಅದೇ ಇಟ್ಟಿಗೆ ಪುಡಿ. ಈ ಸಲ ಮಳೆ ನಿಂತ ಮೇಲೆ ಅರ್ಧ ಕೋರ್ಟ್ ಅಗಲಕ್ಕೆ ಇದನ್ನು ಮಾಡಿ ನೋಡುವುದು ಅಂತ ತೀರ್ಮಾನಿಸಿದ್ದೇವೆ. ಹುಡುಗನ ತಂದೆ ತಮ್ಮ ಹಳೇ ಕೊಟ್ಟಿಗೆಯ ಹಂಚು ಕೊಡುತ್ತೇನೆ ಅಂದಿದ್ದಾರೆ. ತಳಕ್ಕೆ ಜಲ್ಲಿ ಹಾಕಿ ರೋಲರ್ ಹೊಡೆಸಬೇಕು. ಮೇಲೆ ತೆಳ್ಳಗೆ ಹಂಚಿನ ಪುಡಿ ಹರಡಬೇಕು. ಬಿಸಿಲಿಗೆ ಹಾರಿಹೋಗದ ಹಾಗೆ ದಿನಾ ಬೆಳಿಗ್ಗೆ ನೀರು ಚಿಮುಕಿಸಬೇಕು, ಆಟ ಮುಗಿದ ಮೇಲೆ ಎಳೆದು ಸಮ ಮಾಡಬೇಕು. ಆ ಎರಡು ಕೆಲಸ ಮಕ್ಕಳಿಗೇ ಬಿಟ್ಟಿದ್ದೇನೆ. ಜರಡಿಯ ಕಣ್ಣು ಎಷ್ಟು ಸಣ್ಣದಿರಬೇಕು ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ. ಎರಡು ಅಳತೆಯ ಪುಡಿಯನ್ನು ಪಕ್ಕಪಕ್ಕದಲ್ಲಿ ಹರಡಿ, ಹುಡುಗನನ್ನು ಓಡಿಸಿ, ಯಾವುದರ ಮೇಲೆ ಅವನ ಕಾಲು ಸರಿಯಾಗಿ ಜಾರುತ್ತದೆ ಅಂತ ನೋಡಿ ಆರಿಸಿಕೊಳ್ಳುತ್ತೇವೆ.